ತಾಂಡೇಲರ ವಾಚು ನೋಡಿ ಕಲಿತ ಸವಕಳಿ

ಜೂನ್, ಎರಡನೇ ವಾರ

ಕಪ್ಪು ಕೇಸಿನ ವಾಚು ಹೊಸದಾಗಿದ್ದಾಗ ನನಗೆ ಅಷ್ಟೊಂದು ಹಿಡಿಸೋದಿಲ್ಲ. ಹತ್ತು ವರ್ಷ ಕೈಯಲ್ಲಿದ್ದು, ಅಂಚಿನ ಕಪ್ಪು ಸವೆದು, ಒಳಗಿನ ಸ್ಟೀಲ್ ಬೆಳ್ಳಗೆ ಇಣುಕಿದಾಗ ಅದರ ಚೆಂದವೇ ಬೇರೆ. ಈ ಮಳೆಗಾಲ ನನ್ನ ವಾಚಿಗೆ ಆ ರೂಪ ತರಬೇಕು ಅಂತ ಕೂತಿದ್ದೇನೆ. ಮಾರೋಕಲ್ಲ, ನಾನೇ ಕಟ್ಟಿಕೊಳ್ಳೋಕೆ.

ಮೊದಲ ಪ್ರಯೋಗ ಒಂದು ಗುಜರಿ ಕೇಸಿನ ಮೇಲೆ. ಕಾರವಾರ ಪೇಟೆಯ ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಸಿಕ್ಕಿದ್ದು. ಎಮರಿ ಪೇಪರ್ ತಾಗಿಸಿದ ಹತ್ತೇ ನಿಮಿಷಕ್ಕೆ ಕಪ್ಪು ಸಿಪ್ಪೆ ಸಿಪ್ಪೆಯಾಗಿ ಎದ್ದು, ಒಳಗೆ ಮಾಸಲು ಬೂದು ಲೋಹ ಕಂಡಿತು. ಹಿಂದೆ ತಿರುಗಿಸಿ ನೋಡಿದರೆ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಅಂತ ಕೆತ್ತಿದ್ದಾರೆ. ಅಂದರೆ ಮುಚ್ಚಳ ಮಾತ್ರ ಸ್ಟೀಲ್, ಮೈಯೆಲ್ಲ ಅಗ್ಗದ ಲೋಹ, ಮೇಲೆ ಬರೀ ಬಣ್ಣ. ಈ ಕೆಲಸಕ್ಕೆ ಇಳಿಯುವವರು ಮೊದಲು ಆ ಅಕ್ಷರ ಓದಿ. ಇಡೀ ಕೇಸು ಸ್ಟೀಲ್ ಇದ್ದರೆ ಮಾತ್ರ ಕೈ ಹಾಕಿ.

ಜೂನ್, ಮೂರನೇ ವಾರ

ನನ್ನ ವಾಚಿನದು 316ಎಲ್ ಅನ್ನೋ ಬಗೆಯ ಸ್ಟೇನ್‌ಲೆಸ್ ಸ್ಟೀಲಿನ ಕೇಸು, ಮೇಲೆ ಪಿವಿಡಿ ಕಪ್ಪು, ಅಂದರೆ ನಿರ್ವಾತದಲ್ಲಿ ಆವಿಯಿಂದ ಕೂರಿಸಿದ ತೆಳು ಲೇಪ. ಒಳಗೆ ಜಪಾನಿನ ಸೀಕೊ ಕಂಪನಿಯ ಎನ್‌ಎಚ್35 ಮಷಿನ್. ಮುಚ್ಚಳ ತೆಗೆದು, ಕೀ (ಪಕ್ಕದ ತಿರುಗಿಸುವ ಗುಂಡಿ) ಎಳೆದು, ಮಷಿನ್ ಹೊರಗಿಟ್ಟು ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ಗಾಜು, ವಾಷರ್ ಎಲ್ಲ ಬೇರೆ ಮಾಡಿದೆ. ಮುಚ್ಚಳವನ್ನು ಹಳೇ ವಾಷರ್ ಹಾಕಿ ವಾಪಸ್ ತಿರುಗಿಸಿದೆ. ಇಲ್ಲದಿದ್ದರೆ ಮುಚ್ಚಳ ಕೂರುವ ತಿರುಪಿನ ಹಲ್ಲು ಹಾಳಾಗುತ್ತದೆ. ಕೀ ಹೋಗುವ ತೂತಿಗೆ ಬೆಂಕಿಕಡ್ಡಿ ಚೂಪು ಮಾಡಿ ಸಿಕ್ಕಿಸಿದೆ.

ಟಾಗೋರ್ ಕಡಲತೀರದ ಮರಳು ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ನೀರು, ಪಾತ್ರೆ ಸೋಪು ಸೇರಿಸಿ, ಕೇಸನ್ನು ಅದರಲ್ಲಿ ಬಿಟ್ಟು ಗೋಣಿಚೀಲದ ಮೇಲೆ ಕಾಲಲ್ಲಿ ಉರುಳಿಸಿದೆ. ಒಂದು ಗಂಟೆ ಆದರೂ ಏನೂ ಆಗಲಿಲ್ಲ. ಲೆಕ್ಕ ನೋಡಿದರೆ ಆಗಬಾರದ್ದೇ. ಗಟ್ಟಿತನ ಅಳೆಯುವ ವಿಕರ್ಸ್ ಅಳತೆಯಲ್ಲಿ ಈ ಕೇಸಿನ ಸ್ಟೀಲ್ ಸುಮಾರು 200. ಮರಳಿನ ಸ್ಫಟಿಕ 1,000ದ ಆಸುಪಾಸು. ಒಳ್ಳೆ ಪಿವಿಡಿ ಲೇಪ 2,000 ದಾಟುತ್ತದೆ. ಮರಳಿಗಿಂತ ಲೇಪವೇ ಗಟ್ಟಿ!

ಹಾಗಾದರೆ ಜನರ ಕೈಯಲ್ಲಿ ಅದು ಸವೆಯುವುದು ಹೇಗೆ? ಲೇಪದ ದಪ್ಪ ಸಾಮಾನ್ಯವಾಗಿ 1ರಿಂದ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಅಷ್ಟೇ. ಅಡಿಯಲ್ಲಿ ಮೆದು ಸ್ಟೀಲ್. ದಿಂಬಿನ ಮೇಲೆ ಹಪ್ಪಳ ಇಟ್ಟು ಬೆರಳಿಂದ ಒತ್ತಿದ ಹಾಗೆ. ಪೆಟ್ಟು ಬಿದ್ದ ಕಡೆ ಸ್ಟೀಲ್ ತಗ್ಗುತ್ತದೆ, ಮೇಲಿನ ಗಟ್ಟಿ ಪದರ ಬಿರಿಯುತ್ತದೆ. ಆಮೇಲೆ ಉಜ್ಜಾಟಕ್ಕೆ ಆ ಬಿರುಕಿನ ಸುತ್ತ ಸ್ವಲ್ಪ ಸ್ವಲ್ಪವೇ ಏಳುತ್ತದೆ. ಮೊದಲು ಬೇಕಾದದ್ದು ಪೆಟ್ಟು, ಉಜ್ಜುವುದು ಆಮೇಲೆ.

ಮರಳು ಚೆಲ್ಲಿ, ಕಾಳಿ ನದಿಯ ಉರುಟು ಕಲ್ಲು ಹಾಕಿದೆ. ಗೋಲಿಯಿಂದ ಅಡಿಕೆಯಷ್ಟು ದಪ್ಪದವು. ದಿನಕ್ಕೆ ಇಪ್ಪತ್ತು ನಿಮಿಷದಂತೆ ಐದು ದಿನ ಉರುಳಿಸಿದ ಮೇಲೆ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಬಿಳಿ ಚುಕ್ಕೆಗಳು. ಆ ದಿನ ಎಷ್ಟು ಖುಷಿಯಾಯಿತು ಅಂದರೆ, ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಜುಲೈ, ಮೊದಲ ವಾರ

ಚುಕ್ಕೆ ಬಂತು, ಆದರೆ ಎಲ್ಲ ಕಡೆ ಒಂದೇ ಸಮ. ನಿಜವಾಗಿ ಸವೆದ ವಸ್ತು ಹಾಗಿರೋದಿಲ್ಲ ಅಲ್ವಾ? ಅಂಕೋಲಾ ಬಸ್ಸಿನ ಬಾಗಿಲ ಕಂಬಿ ನೋಡಿ. ಜನ ಹಿಡಿಯುವ ಒಂದು ಗೇಣು ಜಾಗ ಮಾತ್ರ ಬಣ್ಣ ಹೋಗಿ ಮಿರಿಮಿರಿ ಮಿಂಚುತ್ತದೆ. ಅದರ ಮೇಲೂ ಕೆಳಗೂ ಬಣ್ಣ ಹಾಗೇ ಇದೆ.

ಆಗ ನೆನಪಾದದ್ದು ಬೈತಖೋಲದ ಮೀನುಗಾರ ತಾಂಡೇಲರ ಕಪ್ಪು ವಾಚು. ನಮ್ಮ ಓಣಿಯವರೇ, ನಾವೆಲ್ಲ ಮಾವ ಅಂತ ಕರೆಯೋದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯುವ ಹಾಗಿಲ್ಲ, ಆ 61 ದಿನ ಅವರು ಮನೆಯಲ್ಲೇ. ಕೇಳಿದ್ದಕ್ಕೆ ಕೈಯಿಂದ ಬಿಚ್ಚಿ ಕೊಟ್ಟೇ ಬಿಟ್ಟರು.

ಭೂತಗನ್ನಡಿ ಇಟ್ಟು ಒಂದು ಸಂಜೆ ಪೂರ್ತಿ ಅದನ್ನೇ ನೋಡಿದೆ. ಪಟ್ಟಿ ಸಿಕ್ಕಿಸುವ ನಾಲ್ಕು ಕೊಂಬುಗಳಲ್ಲಿ 12ರ ಕಡೆಯ ಎರಡು ಜಾಸ್ತಿ ಸವೆದಿವೆ. ಬಲೆ ಎಳೆಯುವಾಗ ದೋಣಿಯ ಅಂಚಿಗೆ ಆ ಕಡೆಯೇ ತಾಗೋದಂತೆ. 6ರ ಕಡೆ ಹೆಚ್ಚುಕಡಿಮೆ ಹೊಸದರ ಹಾಗಿದೆ. ಬಕಲಿನ ಮೇಲೆ ಕಪ್ಪೇ ಉಳಿದಿಲ್ಲ. ಕೊಂಬಿನ ಒಳಮೂಲೆಯಲ್ಲಿ ಕಪ್ಪು ಗಾಢವಾಗಿದೆ. ಇನ್ನೊಂದು ವಿಷಯ: ಕಪ್ಪು ಮುಗಿದು ಬಿಳಿ ಶುರುವಾಗುವಲ್ಲಿ ಗೆರೆ ಎಳೆದ ಹಾಗಿಲ್ಲ. ನಡುವೆ ಹೊಗೆ ಹಿಡಿದಂಥ ಒಂದು ಕಂದು ಪಟ್ಟೆ. ಬಿಳಿ ಭಾಗವೂ ಹೊಸ ಸ್ಟೀಲಿನಂತೆ ಕಣ್ಣಿಗೆ ಹೊಡೆಯೋದಿಲ್ಲ. ಬೆವರು, ಬಟ್ಟೆ, ಉಪ್ಪುನೀರಿಗೆ ಪಳಗಿದ ಮಂದ ಹೊಳಪು ಅದು.

ಜುಲೈ, ಮೂರನೇ ವಾರ

ಈಗ ಕೆಲಸಕ್ಕೆ ಒಂದು ದಿಕ್ಕು ಸಿಕ್ಕಿತು. 1500 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಉಜ್ಜುವ ನುಣುಪು ಉಜ್ಜುಕಾಗದ, ತಂದೆ. ಅದರಲ್ಲಿರುವುದು ಸಿಲಿಕಾನ್ ಕಾರ್ಬೈಡ್, ಪಿವಿಡಿಯನ್ನೂ ಕೆರೆಯುವಷ್ಟು ಗಟ್ಟಿ. ಬೆರಳಿಗೆ ಸುತ್ತಿ, ನೀರು ಹಚ್ಚಿ, 12ರ ಕೊಂಬಿನ ಅಂಚಿಗೆ ಒಂದೇ ದಿಕ್ಕಿನಲ್ಲಿ ಎಳೆದೆ. ನಾಲ್ಕು ಸಲ ಎಳೆಯೋದು, ಒರೆಸಿ ನೋಡೋದು. ಹೋದ ಕಪ್ಪನ್ನು ಮನೆಯಲ್ಲಿ ವಾಪಸ್ ತರೋಕಾಗೋದಿಲ್ಲ, ಅವಸರ ಬೇಡವೇ ಬೇಡ.

ಗೆರೆ ಮೆದುವಾಗಿಸಲು ಹಳೇ ಜೀನ್ಸ್ ತುಂಡಿಗೆ ಹಿತ್ತಾಳೆ ಪಾಲಿಶ್ ಮಾಡುವ ಬ್ರಾಸೊ ಹಚ್ಚಿ ಉಜ್ಜಿದೆ. ಇದು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಎರಡು ಸಂಜೆ ಉಜ್ಜಿದ ಮೇಲೆ ಆ ಹೊಗೆ ಪಟ್ಟೆ ಮೂಡಿತು. ಪೇಪರಿನ ಗೀರು ಮಾಯವಾಗಿ ಬಿಳಿ ಭಾಗ ಮಂದವಾಯಿತು.

ಜುಲೈ, ಕೊನೆ

ಟೂತ್‌ಬ್ರಶ್ಶಿನಿಂದ ಸೋಪು ಹಾಕಿ ತೊಳೆದು, ಅಕ್ಕಿಡಬ್ಬಿಯಷ್ಟು ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮೂರು ದಿನ ಇಟ್ಟೆ. ಈ ಹವೆಯಲ್ಲಿ ಸುಮ್ನೆ ಹೊರಗಿಟ್ಟರೆ ಒಣಗೋ ಮಾತೇ ಇಲ್ಲ. ಹೊಸ ವಾಷರ್‌ಗಳಿಗೆ ಸಿಲಿಕಾನ್ ಗ್ರೀಸ್ ಹಚ್ಚಿ ಜೋಡಿಸಿದೆ. ನೀರು ಒಳಹೋಗೋದಿಲ್ಲ ಅಂತ ಪರೀಕ್ಷೆ ಮಾಡಿಸುವವರೆಗೆ ಇದನ್ನು ಕಟ್ಟಿಕೊಂಡು ಕಡಲಿಗೆ ಇಳಿಯೋದಿಲ್ಲ.

ನಿನ್ನೆ ಮಾವನ ವಾಚು ವಾಪಸ್ ಕೊಡಲು ಹೋದಾಗ ನನ್ನದನ್ನೂ ಕೈಗಿಟ್ಟೆ. ಕಿಟಕಿ ಹತ್ತಿರ ಹೋಗಿ ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿದರು. ಕೊಂಬಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಬರೋಬ್ಬರಿ ಆಯ್ತು. ಇಲ್ಲಿ ಮಾತ್ರ ಸುಳ್ಳು" ಅಂದರು. ತೋರಿಸಿದ್ದು ಕೀ ಪಕ್ಕದ ಒಳಸಂದು. "ಇಲ್ಲಿ ಹಗ್ಗವೂ ತಾಗೂದಿಲ್ಲ, ಅಂಗಿಯೂ ತಾಗೂದಿಲ್ಲ. ಇದು ಹೆಂಗೆ ಸವೀತು?"

ಕಲ್ಲು ಉರುಳಿಸುವಾಗ ಕೀ ತೆಗೆದಿದ್ದೆನಲ್ಲ, ಆ ಸಂದು ತೆರೆದೇ ಇತ್ತು. ಒಂದು ಸಣ್ಣ ಕಲ್ಲು ಅಲ್ಲಿ ಹೊಕ್ಕಿರಬೇಕು. ಮುಂದಿನ ಕೇಸಿಗೆ ಆ ಸಂದಿಗೆ ಮೇಣ ತುಂಬಿಯೇ ಡಬ್ಬಿಗೆ ಹಾಕುತ್ತೇನೆ. ಮಾವ ತಮ್ಮ ವಾಚು ಕಟ್ಟಿಕೊಂಡು ಬಲೆ ಹೊಲಿಯಲು ಕೂತರು. ಆಗಸ್ಟ್ 1ಕ್ಕೆ ದೋಣಿ ಇಳಿಯಬೇಕಲ್ಲ.