ಪಾಗಾರದ ಮೇಲಿನ ನುಸಿ ಲೆಕ್ಕ: ಮೂರನೇ ತಿಂಗಳು

ಕಳೆದ ಸಲ ಬರೆದಾಗ ಮಳೆ ಜೋರಿತ್ತು. ಎಷ್ಟು ಎಣಿಸಿದರೂ ವ್ಯತ್ಯಾಸವೇ ಕಾಣದೆ ತಲೆ ಕೆಟ್ಟಿತ್ತು. ಈಗ ಸ್ವಲ್ಪ ಗೊತ್ತಾಗುತ್ತಿದೆ.

ಹೊಸಬರಿಗೆ: 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪರಿಸರ ವಿಜ್ಞಾನಿ ಆಂಡ್ರ್ಯೂ ಗೊನ್ಜಾಲೆಜ್ ಮತ್ತು ಜೊತೆಗಾರರು ಇಂಗ್ಲೆಂಡಿನ ಬಂಡೆಗಳ ಮೇಲಿನ ಪಾಚಿ ಕೆರೆದು ತುಂಡು ತುಂಡು ಮಾಡಿ, ಒಳಗಿನ ನುಸಿಗಳ (ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ಎಂಟು ಕಾಲಿನ ಮೈಟ್‌ಗಳು) ಗತಿ ಏನಾಗುತ್ತದೆಂದು ನೋಡಿದ್ದರು. ತುಂಡುಗಳಲ್ಲಿ ಜಾತಿಗಳು ಕರಗುತ್ತ ಹೋದವು. ನಡುವೆ ಪಾಚಿಯದೇ ಪಟ್ಟಿ ಉಳಿಸಿದ್ದಲ್ಲಿ ಹೆಚ್ಚು ಬಾಳಿದವು. ಕಾಡು ತುಂಡಾದರೆ ಪ್ರಾಣಿಗಳಿಗೆ ಏನಾಗುತ್ತದೆಂಬುದಕ್ಕೆ ಇದು ಪುಟ್ಟ ಮಾದರಿ: ಕಾಡಿನ ಬದಲು ಪಾಚಿ, ಆನೆಯ ಬದಲು ನುಸಿ. ಕುಮಟೆ ಕಡೆ ಚಿರೆಕಲ್ಲಿನ ಪಾಗಾರಕ್ಕೆ (ಕಾಂಪೌಂಡ್ ಗೋಡೆಗೆ) ಬರವೇ? ನಾನೂ ಮನೆಯಲ್ಲೇ ಮಾಡಿ ನೋಡಹೊರಟೆ.

ಆಗಸ್ಟಿನಲ್ಲಿ ಪಾಗಾರದ ತಲೆಯ ಮೇಲೆ ಅಂಗೈಯಗಲದ ಹನ್ನೆರಡು ತುಂಡು ಬಿಟ್ಟು ಉಳಿದದ್ದನ್ನು ಕೆರೆದೆ. ಆರಕ್ಕೆ ಎರಡು ಬೆರಳಗಲದ ಪಟ್ಟಿಯ ಸೇತುವೆ, ಆರು ಒಂಟಿ. ಚೌತಿ ಹತ್ತಿರ ಬಂದಿತ್ತು. ಆಯಿ ನೋಡಿ, "ತಮಾ, ಕೆರೆಯೋದಾದ್ರೆ ಪೂರ್ತಿ ಕೆರೆ, ಅಲ್ಲಲ್ಲಿ ಬಿಟ್ಟು ಎಂಥ ಚಂದ ಅದು?" ಅಂದಳು.

ಎಣಿಕೆಗೆ ಪ್ರತಿ ತುಂಡಿನಿಂದ ನಾಣ್ಯದಷ್ಟು ಪಾಚಿ ಕಿತ್ತು, ಚಾ ಸೋಸುವ ಜರಡಿಯಲ್ಲಿಟ್ಟು, ಕೆಳಗೆ ಆಲಿಕೆ, ಅದರಡಿ ಸ್ಪಿರಿಟ್ ಬಾಟಲಿ, ಮೇಲೆ ನಲವತ್ತು ವಾಟಿನ ಬಲ್ಬು. ಬಿಸಿಗೆ, ಬೆಳಕಿಗೆ ಹೆದರಿ ಎಲ್ಲ ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ಹೆಸರು ಹಿಡಿಯುವಷ್ಟು ವಿದ್ಯೆ ನನಗಿಲ್ಲ, ಲೆನ್ಸಿನಲ್ಲಿ ಕಂಡಂತೆ ಬಗೆ ವಿಂಗಡಿಸುತ್ತೇನೆ.

ಸೆಪ್ಟೆಂಬರ್ ಎಣಿಕೆಯಲ್ಲಿ ಸೇತುವೆಯ ತುಂಡಿಗೂ ಒಂಟಿ ತುಂಡಿಗೂ ಒಂದೇ ಲೆಕ್ಕ. ಕೆಲಸ ಕೆಟ್ಟಿತೆಂದುಕೊಂಡೆ. ಆಮೇಲೊಂದು ಸಂಜೆ ಕೊಡೆ ಹಿಡಿದು ಪಾಗಾರದ ಬಳಿ ನಿಂತು ನೋಡಿದೆ. ಕೆರೆದು ಬೋಳಾದ ಕಲ್ಲಿನ ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು. ಅದರ ಮೇಲೆ ಬಿಳಿ ರವೆಯಂಥ, ರೆಕ್ಕೆಯಿಲ್ಲದ ಪುಟ್ಟ ಹುಳಗಳಾದ ಸ್ಪ್ರಿಂಗ್‌ಟೇಲುಗಳು, ನೆನೆಯದೆ, ತೇಲುತ್ತ ಕೆಳಗಿನ ತುಂಡಿಗೆ ಹೋಗಿ ತಾಗುತ್ತಿದ್ದವು. ನಾನು ಕಡಿದ ದಾರಿಯನ್ನು ಮಳೆ ದಿನಾ ಜೋಡಿಸುತ್ತಿತ್ತು! ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತುಮೀನು ಏರುವುದನ್ನು ನೋಡುತ್ತಲೇ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಅಕ್ಟೋಬರ್ ಕೊನೆಗೆ, ಮಳೆ ಹಿಂದೆ ಸರಿದು ಎರಡು ವಾರವಾದ ಮೇಲೆ, ಮತ್ತೆ ಎಣಿಸಿದೆ. ಸೇತುವೆಯ ತುಂಡುಗಳಲ್ಲಿ ಒಂಬತ್ತು ಬಗೆ, ಒಂಟಿಯವುಗಳಲ್ಲಿ ಆರು. ಮೊದಲು ಕಾಣೆಯಾದದ್ದು ಉದ್ದ ಕಾಲಿನ, ಓಡಾಡಿ ಬೇಟೆಯಾಡುವ ಕಂದು ನುಸಿ. ಮೊದಲೇ ಅದು ತುಂಡಿಗೆ ಒಂದೆರಡು. ಸತ್ತರೆ ಆ ಜಾಗ ತುಂಬಲು ಹೊರಗಿನಿಂದ ಬರಬೇಕು. ಒಂದು ಸೇತುವೆ ಮಾತ್ರ ಮೋಸ ಮಾಡಿತು. ಮಧ್ಯಾಹ್ನದ ಬಿಸಿಲಿಗೆ ಅದು ಒಣಗಿ ಗರಿಗರಿ. ಅದರ ಆಚೀಚೆಯ ತುಂಡುಗಳಲ್ಲೂ ಕಂದು ನುಸಿಯಿಲ್ಲ. ಹನ್ನೆರಡೇ ತುಂಡು, ಅದರಲ್ಲೂ ಒಂದನ್ನು ಕೋಳಿ ಕೆದಕಿ ಹಾಕಿದೆ. ಹಾಗಾಗಿ ಇದನ್ನೇ ಸಾಬೀತು ಅನ್ನಲಾರೆ.

ಪಾಚಿ ಪೂರ್ತಿ ಒಣಗುವ ಮೊದಲು, ಡಿಸೆಂಬರಿನಲ್ಲಿ ಇನ್ನೊಮ್ಮೆ ಎಣಿಸಬೇಕು. ಬಲ್ಬು ನಿನ್ನೆ ಸುಟ್ಟುಹೋಯಿತು. ಪೇಟೆಯಲ್ಲಿ ಕೇಳಿದಲ್ಲೆಲ್ಲ ಎಲ್‌ಇಡಿ ತೋರಿಸುತ್ತಾರೆ, ಅದರ ಬಿಸಿಗೆ ನುಸಿ ಕದಲುವುದಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಹಳೇ ಬಲ್ಬಿದ್ದರೆ ಹೇಳಿ.