ಗೊತ್ತಿದ್ದಿದ್ದಕ್ಕೇ ತಪ್ಪಾಯ್ತಂತೆ

ಭಾನುವಾರ ಅಕ್ಕನ ಮನೇಲಿ ಕೇಳಿದ ಒಂದು ಮಾತು ಇನ್ನೂ ತಲೇಲಿ ಸುತ್ತುತ್ತಿದೆ. ಅಕ್ಕನ ಮಗಳು ಅಮೆರಿಕದ ಕಾಲೇಜು ಸೇರೋಕೆ ಬರೆಯೋ ಎಸ್‌ಎಟಿ ಪರೀಕ್ಷೆಗೆ ಓದ್ತಿದಾಳೆ, ಪ್ರಾಕ್ಟೀಸ್ ಟೆಸ್ಟಲ್ಲಿ ಒಂದು ತಪ್ಪಾಗಿತ್ತು. ಭಾವ ಲ್ಯಾಪ್‌ಟಾಪ್ ಕಡೆ ಬಗ್ಗಿ, "ಇಷ್ಟು ಸುಲಭದ ಪದದ ಅರ್ಥ ಗೊತ್ತಿಲ್ವೇನೇ?" ಅಂದ್ರು.

"ಗೊತ್ತಿತ್ತಪ್ಪಾ, ಗೊತ್ತಿದ್ದಿದ್ದಕ್ಕೇ ತಪ್ಪಾಯ್ತು."

ಪದ ಯಾವ್ದಪ್ಪಾ ಅಂದ್ರೆ 'ಕ್ವಾಲಿಫೈಡ್'. ಯಾರೋ ವಿಜ್ಞಾನಿ ಹೊಸ ಥಿಯರಿಗೆ 'ಕ್ವಾಲಿಫೈಡ್ ಸಪೋರ್ಟ್' ಕೊಟ್ಟಳು ಅಂತ ಇತ್ತು. ನಮಗೆಲ್ಲ ಥಟ್ಟನೆ ಹೊಳೆಯೋದು ಅರ್ಹತೆ, ಡಿಗ್ರಿ, ಆಪ್ಷನ್ನಲ್ಲೂ ಅದೇ ಮೊದಲು ಕೂತಿತ್ತು. ಆದ್ರೆ ಮುಂದಿನ ಸಾಲಲ್ಲೇ ಇನ್ನೊಂದಿಷ್ಟು ಪ್ರಯೋಗ ಆಗೋವರೆಗೂ ಪೂರ್ತಿ ಒಪ್ಪಲ್ಲ ಅಂದಿದ್ಲು ಪುಣ್ಯಾತ್ಗಿತ್ತಿ, ಅಂದ್ರೆ ಅದು ಷರತ್ತಿನ ಬೆಂಬಲ. ಈಗ ಹುಡುಗಿ ಏನ್ಮಾಡ್ತಾಳೆ ಅಂದ್ರೆ ಆಪ್ಷನ್‌ಗಳಿಗೆ ಅಂಗೈ ಅಡ್ಡ ಇಟ್ಟು, ಆ ಪದಾನೇ ಇಲ್ಲ ಅಂದ್ಕೊಂಡು ಸಾಲು ಓದಿ, ತನ್ನದೇ ಒಂದು ಪದ ಹಾಕ್ಕೊಂಡು, ಆಮೇಲೆ ಕೈ ತೆಗೀತಾಳೆ.

ಭಾವಂಗೆ ಇದು ಸಮಾಧಾನ ಇಲ್ಲ. ಒಳ್ಳೆ ಮನುಷ್ಯ, ಆದ್ರೆ ತೊಂಬತ್ತರ ದಶಕದಲ್ಲಿ ಜಿಆರ್‌ಇ, ಅಂದ್ರೆ ಡಿಗ್ರಿ ಆದ್ಮೇಲಿನ ಓದಿಗೆ ಇರೋ ಇಂಥದ್ದೇ ಪರೀಕ್ಷೆ, ಬರೆದೋರು, ಪದಗಳ ಪಟ್ಟಿ ಉರು ಹೊಡೆದವನೇ ಗೆದ್ದ ಅನ್ನೋ ಕಾಲ ಅದು. ಎಸ್‌ಎಟಿಯವರು ವಿರುದ್ಧಪದ 1994ರಲ್ಲೇ ಬಿಟ್ರು, ಪದಜೋಡಿಗಳ ಸಂಬಂಧ ಹೊಂದಿಸೋ ಅನಾಲಜಿ 2005ರಲ್ಲಿ ಹೋಯ್ತು, ಜಿಆರ್‌ಇನೂ 2011ರಲ್ಲಿ ಎರಡನ್ನೂ ಕೈಬಿಡ್ತು. ಈಗಿನ ಡಿಜಿಟಲ್ ಎಸ್‌ಎಟಿಯ ಓದು-ಬರಹದ ಭಾಗದಲ್ಲಿ ಹೆಚ್ಚಂದ್ರೆ 150 ಪದದ ತುಣುಕು, ಅದಕ್ಕೊಂದೇ ಪ್ರಶ್ನೆ, ಅದರ ಒಂದು ಮಾಡ್ಯೂಲಿಗೆ, ಅಂದ್ರೆ ಒಂದು ಕಂತಿಗೆ, 32 ನಿಮಿಷದಲ್ಲಿ 27 ಪ್ರಶ್ನೆ. ಪಟ್ಟಿ ಪೂರ್ತಿ ದಂಡ ಅನ್ನಲ್ಲ, ಆಪ್ಷನ್ನಲ್ಲಿರೋ ಪದಗಳೇ ಗೊತ್ತಿಲ್ದಿದ್ರೆ ಅಂಗೈ ತೆಗೆದು ಏನ್ ಪ್ರಯೋಜನ, ಆದ್ರೂ ಮಗಳಿಗೆ ಪದ, ಅರ್ಥ ಬರೆದಿರೋ ಫ್ಲ್ಯಾಶ್ ಕಾರ್ಡ್ ಕಟ್ಟು ತಂದುಕೊಟ್ಟು ಊಟಕ್ಕೆ ಕೂತಾಗಲೂ ಕೇಳೋದಿದೆಯಲ್ಲ, ಅದು ಅತಿಯಾಯ್ತು.

ಗೊತ್ತಿದ್ದಿದ್ದಕ್ಕೇ ತಪ್ಪಾಯ್ತು! ನಾವು ಓದಿದ್ದೇ ಹಾಗಲ್ವಾ, ಪಾಠದ ಕೊನೇಲಿ 'ಪದಗಳ ಅರ್ಥ' ಅಂತ ಇರೋದು, ಅದನ್ನ ಬಾಯಿಪಾಠ ಮಾಡಿದ್ರೆ ಮಾರ್ಕ್ಸು, ಪದ ಪಾಠದಲ್ಲಿ ಎಲ್ಲಿ ಬಂದಿದೆ ಅಂತ ತಿರುಗಿ ನೋಡಿದೋರು ಯಾರು. ಮನುಷ್ಯರ ಮಾತನ್ನೂ ಹಾಗೇ ಕೇಳ್ತೀವಿ ಅನ್ಸುತ್ತೆ, ಒಂದು ಪದ ಕಿವಿಗೆ ಬಿದ್ರೆ ಸಾಕು, ಮುಂದಿನ ಸಾಲಿಗೆ ಕಾಯಲ್ಲ.

ಇದನ್ನೇ ಅಕ್ಕನಿಗೆ ಹೇಳಿದ್ರೆ ಸಾರಿಗೆ ಒಗ್ಗರಣೆ ಹಾಕ್ತಾ, "ನಿಮ್ಮ ಭಾವಂಗೆ ಮೊದ್ಲು ಆ ಪರೀಕ್ಷೆ ಕೊಡ್ಸು. ನಾನು 'ಆಯ್ತು ಬಿಡಿ' ಅಂದಾಗೆಲ್ಲ ಒಪ್ಕೊಂಡ್ಲು ಅಂದ್ಕೊಂಡು ಎದ್ದು ಹೋಗ್ತಾರೆ" ಅಂದ್ಲು.

ಹಾಲಿಂದ ಭಾವ, "ಯಾವಾಗ ಅಂದೆ ಹಂಗೆ?"