ಗಾಳಿ ಮೇಷ್ಟ್ರು ಮತ್ತು ನನ್ನ ಮೂರು ಹಾಜರಿ

ಕಳೆದ ತಿಂಗಳು ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು: ಗಾಳಿ ಮೇಷ್ಟ್ರು ಹೋದರು. ನಾನಾಗ ಆಪರೇಷನ್ ಥಿಯೇಟರಿನ ಹೊರಗೆ ನಿಂತಿದ್ದೆ. ಒಳಗೆ ಮಲಗಿದ್ದವರ ಅರಿವನ್ನು ಒಂದೆರಡು ಗಂಟೆ ಅಳಿಸಿಡಬೇಕಿತ್ತು. ನನ್ನ ಕಸುಬೇ ಅದು, ಅರಿವಳಿಕೆ. ಮೆಡಿಕಲ್ ಸೀಟು ಸಿಕ್ಕಿದ ಮೇಲೆ ಮೇಷ್ಟ್ರನ್ನು ನೋಡಲು ಹೋಗಿದ್ದಾಗ, "ಅರಿವಳಿಕೆ ಅನ್ನುವ ಪದವನ್ನು ಬಿಡಿಸಿ ನೋಡಯ್ಯಾ, ಭಯವಾಗುತ್ತೆ" ಎಂದಿದ್ದರು. ಹೆದರಿಕೆಯಿಂದಲೋ ಕುತೂಹಲದಿಂದಲೋ, ಮುಂದೆ ಅದನ್ನೇ ಆರಿಸಿಕೊಂಡೆ.

ಅವರು ತತ್ತ್ವಶಾಸ್ತ್ರದವರು, ನಾವು ವಿಜ್ಞಾನದ ಹುಡುಗರು. ನಮಗೂ ಅವರಿಗೂ ಲೆಕ್ಕದ ಪ್ರಕಾರ ಸಂಬಂಧವೇ ಇಲ್ಲ. ಭೌತಶಾಸ್ತ್ರದ ಮೇಷ್ಟ್ರು ರಜೆ ಹಾಕಿದ ದಿನ ಗದ್ದಲವಾಗದಿರಲಿ ಎಂದು ಅವರನ್ನು ಕಳಿಸುತ್ತಿದ್ದರು, ಅಷ್ಟೆ. ಮೊದಲ ದಿನ ಬಂದವರು ಬೋರ್ಡಿನ ಕಡೆ ತಿರುಗಲೂ ಇಲ್ಲ. "ಗಾಳಿ ಬೀಸುತ್ತಿದೆ ಅಂತೀರಲ್ಲ, ಗಾಳಿ ಬೇರೆ, ಬೀಸುವುದು ಬೇರೆಯೇ? ಬೀಸದೆ ಸುಮ್ಮನೆ ಕೂತಿರುವ ಗಾಳಿಯನ್ನು ಹಿಡಿದು ತನ್ನಿ ನೋಡೋಣ" ಎಂದರು. ನಾನು ಎದ್ದು, "ಸೈಕಲ್ ಟ್ಯೂಬಿನಲ್ಲಿದೆ ಸಾರ್" ಎಂದೆ. ಇಡೀ ತರಗತಿ ನಕ್ಕಿತು. ಅವರೂ ನಕ್ಕರು. "ಅಲ್ಲಿ ಕೂತಿದೆಯೋ ಓಡುತ್ತಿದೆಯೋ, ನಾಳೆ ನಿಮ್ಮ ಭೌತದ ಮೇಷ್ಟ್ರನ್ನು ಕೇಳು."

ಕೇಳಿದೆ. ಟ್ಯೂಬಿನೊಳಗಿನ ಒಂದೊಂದು ಅಣುವೂ ಸೆಕೆಂಡಿಗೆ ಸರಾಸರಿ 500 ಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತ, ಗೋಡೆಗೆ ಬಡಿಯುತ್ತಲೇ ಇರುತ್ತದಂತೆ. ಆ ಬಡಿತಕ್ಕೇ ನಾವು ಒತ್ತಡ ಎನ್ನುವುದಂತೆ. ಅಂದಿನಿಂದ ಅವರು ಗಾಳಿ ಮೇಷ್ಟ್ರಾದರು. ಹೆಸರಿಟ್ಟವನು ನಾನೇ ಎಂದು ಇಂದು ಒಪ್ಪಿಕೊಳ್ಳುತ್ತೇನೆ.

ಅವರ ಆರಾಧ್ಯದೈವ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಜೊತೆ ಸೇರಿ 1910ರಿಂದ 1913ರವರೆಗೆ ಗಣಿತದ ತಳಪಾಯದ ಮೇಲೆ ಮೂರು ದಪ್ಪ ಸಂಪುಟ ಹೊರತಂದ ಮನುಷ್ಯ, 63ನೇ ವಯಸ್ಸಿನಲ್ಲಿ ಹಾರ್ವರ್ಡ್‌ಗೆ ಹೋಗಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದ. "ನಿವೃತ್ತಿಯ ವಯಸ್ಸಿನಲ್ಲಿ ಹೊಸ ಕೆಲಸ!" ಎಂದು ಹೇಳುವಾಗ ಮೇಷ್ಟ್ರ ಕಣ್ಣು ಹೊಳೆಯುತ್ತಿತ್ತು. 1929ರ 'ಪ್ರೊಸೆಸ್ ಅಂಡ್ ರಿಯಾಲಿಟಿ' ಓದಲು ಕಬ್ಬಿಣದ ಕಡಲೆ. ಆದರೆ ಅವರ ಬಾಯಲ್ಲಿ ಅದು ಹೀಗಿತ್ತು: ಜಗತ್ತು ವಸ್ತುಗಳಿಂದ ಆದದ್ದಲ್ಲ, ಆಗುವಿಕೆಗಳಿಂದ ಆದದ್ದು. ಒಂದೊಂದು ಆಗುವಿಕೆಯೂ ಒಂದು ಹನಿ ಅನುಭವ. ಅದು ತನಗಿಂತ ಹಿಂದಿನದನ್ನೆಲ್ಲ ಒಳಗೆ ಹೀರಿಕೊಂಡು, ತನ್ನದೊಂದು ರೂಪ ತಳೆದು, ಮುಗಿದು, ಮುಂದಿನದಕ್ಕೆ ಆಹಾರವಾಗುತ್ತದೆ. ಕಲ್ಲೂ ಹಾಗೇ, ಮಿದುಳೂ ಹಾಗೇ. ಮಿದುಳಿನಲ್ಲಿ ಆ ಹನಿಗಳ ಹೆಣಿಗೆ ಗಾಢವಾಗಿರುತ್ತದೆ, ಅಷ್ಟೇ ವ್ಯತ್ಯಾಸ. ಕಲ್ಲಿನ ವಿಷಯ ನನಗೆ ಇವತ್ತಿಗೂ ಪೂರ್ತಿ ಜೀರ್ಣವಾಗಿಲ್ಲ.

ಇನ್ನು ನನ್ನ ಪರಾಕ್ರಮ. ದನಿ ಬದಲಿಸಿ ಪ್ರಾಕ್ಸಿ ಹಾಕುವುದರಲ್ಲಿ ನನ್ನ ಸಮಕ್ಕೆ ಆ ಕಾಲೇಜಿನಲ್ಲಿ ಯಾರೂ ಇರಲಿಲ್ಲ, ಇದನ್ನು ಹೇಳಲು ಸಂಕೋಚವೇನಿಲ್ಲ. ನನ್ನ ನಂಬರು 21. 33ಕ್ಕೆ ಗೊಗ್ಗರು ದನಿ, 40ಕ್ಕೆ ಮೂಗಿನ ದನಿ. ಗಾಳಿ ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತುವವರಲ್ಲ, ಹಾಗಾಗಿ ಅವರ ಅವಧಿ ನಮಗೆ ಹಬ್ಬ. ಒಂದು ದಿನ ಮೂರೂ ಕೂಗಿ ಮುಗಿಸಿ ಕೂತೆ. ಅವರು ಪುಸ್ತಕ ಮುಚ್ಚಿ ನಿಧಾನವಾಗಿ ಕನ್ನಡಕ ತೆಗೆದರು.

"ಇಪ್ಪತ್ತೊಂದು, ಮೂವತ್ತಮೂರು, ನಲವತ್ತು ಎದ್ದು ನಿಲ್ಲಿ."

ನಾನೊಬ್ಬನೇ ನಿಂತೆ.

"ಒಂದು ಎಲೆಕ್ಟ್ರಾನು ಎರಡು ಕಂಡಿಯಲ್ಲೂ ಒಟ್ಟಿಗೆ ಹಾಯುತ್ತದೆ ಅಂತ ನಿಮ್ಮ ಭೌತದ ಮೇಷ್ಟ್ರು ಹೇಳಿದ್ದಾರಲ್ಲ? ಯಾರೂ ನೋಡದಿದ್ದಾಗ ಮಾತ್ರ ಆ ಆಟ. ನಾನೀಗ ನೋಡುತ್ತಿದ್ದೇನೆ."

ಶಿಕ್ಷೆಯಾಗಿ 'ಈಗ ಕೂಗಿದವನು ಯಾರು?' ಎಂಬ ಬಗ್ಗೆ ಎರಡು ಪುಟ ಬರೆದು ತರಲು ಹೇಳಿದರು. ಜಾಣತನ ತೋರಿಸಲು ನಾನು 'ನಾನು' ಎಂಬ ಒಂದೇ ಪದ ಬರೆದು ಕೊಟ್ಟೆ. ಮರುದಿನ ಹಾಳೆ ವಾಪಸು ಬಂತು. 'ನಾನು' ಸುತ್ತ ಕೆಂಪು ಶಾಯಿಯ ವೃತ್ತ, ಪಕ್ಕದಲ್ಲಿ ಎರಡೇ ಪದ: 'ಯಾವ ಹೊತ್ತಿನ?'

ಭೌತದ ಮೇಷ್ಟ್ರದ್ದು ಬೇರೆಯೇ ಹುಚ್ಚು. ಬ್ರಿಟಿಷ್ ಗಣಿತ-ಭೌತವಿಜ್ಞಾನಿ ರೋಜರ್ ಪೆನ್‌ರೋಸ್ 1989ರಲ್ಲಿ ಬರೆದ, ಮನಸ್ಸು ಬರೀ ಗಣಕಯಂತ್ರವಲ್ಲ ಎಂದು ವಾದಿಸುವ ದಪ್ಪ ಪುಸ್ತಕವನ್ನು ಎಲ್ಲಿಂದಲೋ ತರಿಸಿಕೊಂಡು ಬಗಲಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಓದುತ್ತಿದ್ದದ್ದು ನಂಬಲಿಕ್ಕಲ್ಲ, ಗಾಳಿ ಮೇಷ್ಟ್ರ ಜೊತೆಗಿನ ಜಗಳಕ್ಕೆ. ಸ್ಟಾಫ್ ರೂಮಿನ ಕಿಟಕಿಯ ಕೆಳಗೆ ನಿಂತು ಆ ಜಗಳ ಕೇಳುವುದೇ ನಮಗೆ ಪಾಠವಾಗಿತ್ತು. ಪಠ್ಯದಲ್ಲಿ ಏನಿತ್ತೆಂದು ಕೇಳಿದರೆ ಒಂದು ಅಧ್ಯಾಯದ ಹೆಸರೂ ನನಗೆ ನೆನಪಿಲ್ಲ.

ಆ ಜಗಳದ ಮುಂದಿನ ಕಂತುಗಳನ್ನು ನಾನು ಓದಿದ್ದು ವೈದ್ಯನಾಗುವ ಹಾದಿಯಲ್ಲಿ. ಪೆನ್‌ರೋಸ್ ಜೊತೆ ಕೈಜೋಡಿಸಿದ ಸ್ಟುವರ್ಟ್ ಹ್ಯಾಮರಾಫ್ ನನ್ನಂತೆಯೇ ಅರಿವಳಿಕೆ ವೈದ್ಯರು (ಈ ಸಾಲನ್ನು ಬರೆಯುವಾಗ ಸ್ವಲ್ಪ ಹೆಮ್ಮೆಯಾಗುತ್ತದೆ). ನರಕೋಶದೊಳಗೆ ಸುಮಾರು 25 ನ್ಯಾನೋಮೀಟರ್ ದಪ್ಪದ ಮೈಕ್ರೋಟ್ಯೂಬ್ಯೂಲ್ ಎಂಬ ಪ್ರೋಟೀನಿನ ಕೊಳವೆಗಳಿವೆ. ಅಲ್ಲಿ ಕ್ವಾಂಟಮ್ ಸ್ಥಿತಿಗಳು ಒಂದರ ಮೇಲೊಂದು ಹೊಂದಿಕೊಂಡಿದ್ದು, ಗುರುತ್ವಕ್ಕೆ ಸಂಬಂಧಿಸಿದ ಒಂದು ಮಿತಿ ಮುಟ್ಟಿದಾಗ ತಾವಾಗಿಯೇ ಕುಸಿಯುತ್ತವೆ. ಅಂಥ ಒಂದೊಂದು ಕುಸಿತವೂ ಒಂದು ಕ್ಷಣದ ಅರಿವು. ಇದು ಅವರ ವಾದ. ಈ ಕ್ಷಣಗಳು ವೈಟ್‌ಹೆಡ್ ಹೇಳಿದ ಅನುಭವದ ಹನಿಗಳೇ ಎಂದೂ ಹ್ಯಾಮರಾಫ್ ಬರೆದರು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಾಳಿ ಮೇಷ್ಟ್ರು ಗೆದ್ದರು ಎಂದುಕೊಂಡೆ.

2000ದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ ಲೆಕ್ಕ ಹಾಕಿ ತೋರಿಸಿದರು: ಮಿದುಳಿನಂಥ ಬಿಸಿ, ತೇವದ ಜಾಗದಲ್ಲಿ ಆ ಸೂಕ್ಷ್ಮ ಸ್ಥಿತಿ ಹೆಚ್ಚೆಂದರೆ ಒಂದು ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು ಉಳಿದೀತು, ಯೋಚನೆಗೆ ಅದೆಲ್ಲಿ ಸಾಕು? ಹ್ಯಾಮರಾಫ್ ಬಳಗ ಲೆಕ್ಕದ ಊಹೆಗಳು ತಪ್ಪೆಂದು 2002ರಲ್ಲಿ ಉತ್ತರ ಕೊಟ್ಟಿತು. ಜಗಳ ಇನ್ನೂ ಮುಗಿದಿಲ್ಲ. ಮದ್ದು ಕೊಡುವ ನಮ್ಮಲ್ಲಿ ಬಹುಪಾಲು ಜನ ಕೈ ತೋರಿಸುವುದು ನರಕೋಶದ ಪೊರೆಯ ಮೇಲಿನ ಗ್ರಾಹಕಗಳ ಕಡೆಗೇ. ಕೊಳವೆಗಳ ಕಡೆಗಲ್ಲ. ನಾನೂ ಸದ್ಯಕ್ಕೆ ಆ ಗುಂಪಿನವನೇ, ಮೇಷ್ಟ್ರು ಕ್ಷಮಿಸಲಿ. ಆದರೂ ಕ್ಸೆನಾನ್‌ನಂಥ ಯಾವುದರ ಜೊತೆಗೂ ಸುಲಭಕ್ಕೆ ಬೆರೆಯದ ಜಡ ಅನಿಲ ಕೂಡ ಮನುಷ್ಯನ ಅರಿವನ್ನು ಆರಿಸಿಬಿಡುತ್ತದಲ್ಲ, ಅದನ್ನು ನೆನೆದಾಗ ನನ್ನ ಖಚಿತತೆ ಅಲುಗಾಡುತ್ತದೆ.

ಎರಡು ವರ್ಷದ ಹಿಂದೆ ಕಾಲೇಜಿನವರು ನನ್ನನ್ನು ಅತಿಥಿಯಾಗಿ ಕರೆದು ವೇದಿಕೆಯ ಮೇಲೆ ಕೂರಿಸಿದ್ದರು. ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಚುರುಕಾಗಿದ್ದ ಹುಡುಗಿಯೊಬ್ಬಳು ಕೈ ಎತ್ತಿ, "ಸರ್, ಇದು ಯಾವ ಎಂಟ್ರೆನ್ಸಿಗೆ ಬರುತ್ತೆ?" ಎಂದಳು. ತಪ್ಪು ಅವಳದಲ್ಲ. ಬಾಗಿಲಲ್ಲಿ ಈಗ ಬೆರಳಚ್ಚಿನ ಯಂತ್ರವಿದೆ. ಬೆರಳು ಬಂದರೆ ಹುಡುಗ ಬಂದ ಹಾಗೆ. ಲೆಕ್ಕಕ್ಕಾಗಿ ಮಾಡಿಕೊಂಡ ಗುರುತನ್ನೇ ನಿಜವೆಂದು ನಂಬುವುದನ್ನು ವೈಟ್‌ಹೆಡ್ 1925ರಲ್ಲೇ ಒಂದು ದೊಡ್ಡ ತಪ್ಪೆಂದು ಗುರುತಿಸಿದ್ದರು. ಗಾಳಿ ಮೇಷ್ಟ್ರು ಅದನ್ನು ನಮಗೆ ಹೇಳಿಕೊಟ್ಟದ್ದು, "ಅಂಕಪಟ್ಟಿಯನ್ನೇ ಹುಡುಗ ಅಂದುಕೊಳ್ಳಬೇಡಿ" ಎಂದು. ಪ್ರಾಕ್ಸಿ ಹಾಕುವ ಕಲೆಯೂ ಆ ಯಂತ್ರದಿಂದ ಅಳಿಯಿತು, ಅದರ ಬಗ್ಗೆ ಮಾತ್ರ ನನಗೆ ಮಿಶ್ರ ಭಾವನೆಗಳಿವೆ.

ದಿನಾ ನೋಡುವ ಒಂದು ಸಂಗತಿಯನ್ನು ಮೇಷ್ಟ್ರಿಗೆ ಹೇಳಬೇಕಿತ್ತು. ನಿದ್ದೆಯಿಂದ ಎದ್ದವರಿಗೆ ಹೊತ್ತು ಕಳೆದದ್ದು ಹೇಗೋ ಗೊತ್ತಿರುತ್ತದೆ. ಅರಿವಳಿಕೆಯಿಂದ ಎದ್ದ ಎಷ್ಟೋ ಮಂದಿಗೆ ಅದೂ ಇಲ್ಲ. ಹೊಲಿಗೆ ಹಾಕಿ ಮುಗಿದ ಮೇಲೆ ಕಣ್ಣು ಬಿಟ್ಟು, "ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?" ಎನ್ನುತ್ತಾರೆ.

ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು. ಹೋದ ವರ್ಷ ಅವರಿಗೊಂದು ಶಸ್ತ್ರಚಿಕಿತ್ಸೆಯಾಯಿತು, ಬೇರೆಡೆ. ಚೇತರಿಸಿಕೊಂಡ ಮೇಲೆ ನಡುಗುವ ಅಕ್ಷರದಲ್ಲಿ ಕಾಗದ ಬರೆದರು: "ಬೀಸದ ಗಾಳಿ ಹೇಗಿರುತ್ತದೆ ಎಂದು ನೋಡಿ ಬರೋಣ ಅಂದುಕೊಂಡಿದ್ದೆ. ನೋಡಲು ಅಲ್ಲಿ ನಾನೇ ಇರಲಿಲ್ಲ. ಹಾಗಾದರೆ ಆಮೇಲೆ ಎದ್ದು ಕೂತು ನೀರು ಕೇಳಿದವನು ಯಾರು? ನೀನು ಡಾಕ್ಟರು, ಹೇಳು."

ಉತ್ತರ ಬರೆಯಲು ಅಂದೇ ಕೂತೆ. 'ಪೂಜ್ಯ ಮೇಷ್ಟ್ರಿಗೆ, ನಾನು' ಎಂಬಲ್ಲಿಗೆ ಪೆನ್ನು ನಿಂತಿತು. ಆ ಹಾಳೆ ಮೇಜಿನ ಖಾನೆಯಲ್ಲಿ ಹಾಗೇ ಇದೆ.